ಕೂಸಾಗಿದ್ದಾಗ ಆದ ಜ್ಞಾನಸ್ನಾನ: ನನ್ನನ್ನು ಕೇಳದೆ ಹೊರಿಸಿದ ಹೊಣೆಯೇ?

ಪ್ರಶ್ನೆ: ನನಗೆ ತಿಂಗಳು ತುಂಬುವ ಮೊದಲೇ ಕಥೋಲಿಕ ಚರ್ಚಿನಲ್ಲಿ ಜ್ಞಾನಸ್ನಾನ (ನೀರೆರೆದು ಕ್ರೈಸ್ತರನ್ನಾಗಿಸುವ ಸಂಸ್ಕಾರ) ಕೊಡಿಸಿದರಂತೆ. ಬೇಕೋ ಬೇಡವೋ ಎಂದು ಯಾರೂ ನನ್ನನ್ನು ಕೇಳಲಿಲ್ಲ. ಈಗ ಭಾನುವಾರದ ಪೂಜೆ, ಪಾಪನಿವೇದನೆ, ಉಪವಾಸ ಎಲ್ಲವೂ ನನ್ನ ಕರ್ತವ್ಯ ಎನ್ನುತ್ತಾರೆ. ನಾನು ಗುರುವಲ್ಲ (ಪಾದ್ರಿಯಲ್ಲ), ಕನ್ಯಾಸ್ತ್ರೀಯೂ ಅಲ್ಲ. ದೇವರ ಮುಂದೆ ನನ್ನಂಥವಳ ಸ್ಥಾನ ಏನು? ಈ ಹೊಣೆ ಎಲ್ಲಿಂದ ಬಂತು?

ಉತ್ತರ: ನಿಮ್ಮ ದೂರು ನಿಜ. ಆ ದಿನ ನಿಮ್ಮನ್ನು ಕೇಳಲಿಲ್ಲ. ಗುರುಗಳು ಕೇಳಿದ್ದು ನಿಮ್ಮ ತಂದೆತಾಯಿಯನ್ನು: ಮಗುವಿಗೆ ಏನು ಹೆಸರು, ಧರ್ಮಸಭೆಯಿಂದ (ಚರ್ಚಿನಿಂದ) ಏನನ್ನು ಬೇಡುತ್ತೀರಿ, ಇದನ್ನು ವಿಶ್ವಾಸದಲ್ಲಿ ಬೆಳೆಸುವ ಭಾರ ನಿಮ್ಮದೆಂದು ತಿಳಿದಿದೆಯೇ? ಅಂದರೆ ಅಂದಿನ ಹೊಣೆ ಬಿದ್ದದ್ದು ದೊಡ್ಡವರ ಹೆಗಲಿಗೆ. ಮಗು ಆ ವಿಶ್ವಾಸದಲ್ಲಿ ಬೆಳೆಯುವ ಭರವಸೆ ಸ್ವಲ್ಪವೂ ಇಲ್ಲದಿದ್ದರೆ ಜ್ಞಾನಸ್ನಾನವನ್ನು ಮುಂದೂಡಬೇಕು ಎನ್ನುತ್ತದೆ 1983ರ ಧರ್ಮಸಭೆಯ ಕಾನೂನು ಸಂಹಿತೆ. ಏಳು ವರ್ಷ ತುಂಬದ ಮಗು ಧರ್ಮಸಭೆಯ ಕಟ್ಟಳೆಗಳಿಗೆ ಒಳಪಡುವುದಿಲ್ಲ ಎಂಬುದೂ ಅದರಲ್ಲೇ ಇದೆ. ತೊಟ್ಟಿಲಿನ ಕೂಸಿಗೆ ಯಾರೂ ಕರ್ತವ್ಯದ ಪಟ್ಟಿ ಕೊಟ್ಟಿಲ್ಲ.

ಹಾಗಾದರೆ ಕೂಸಿಗೆ ಏನು ಸಿಕ್ಕಿತು? ಒಂದು ನಂಟು. ತಾಯ್ನುಡಿಯನ್ನು ನೆನೆಸಿಕೊಳ್ಳಿ. ಯಾವ ಭಾಷೆ ಬೇಕು ಮಗುವೇ ಎಂದು ಯಾವ ತಾಯಿಯೂ ಕೇಳುವುದಿಲ್ಲ, ತನ್ನದನ್ನೇ ಆಡುತ್ತಾಳೆ. ಮುಂದೆ ಆ ಭಾಷೆಯಲ್ಲಿ ಹರಸುವುದೋ ಬೈಯುವುದೋ ಅಥವಾ ಅದನ್ನು ಬಿಟ್ಟೇ ಬಿಡುವುದೋ, ಅದು ಬೆಳೆದವರಿಗೆ ಬಿಟ್ಟದ್ದು. ಜ್ಞಾನಸ್ನಾನದಲ್ಲಿ ಮನುಕುಲದ ಮೊದಲ ತಂದೆತಾಯಿಯಿಂದ ಬಂದ ಜನ್ಮಪಾಪ ನೀಗುತ್ತದೆ, ಮಗು ದೇವರ ಮಗುವಾಗುತ್ತದೆ, ಕ್ರಿಸ್ತರ ದೇಹದ ಅಂಗವಾಗುತ್ತದೆ, ಆತ್ಮದ ಮೇಲೆ ಅಳಿಸಲಾಗದ ಮುದ್ರೆ ಬೀಳುತ್ತದೆ ಎಂದು ಧರ್ಮಸಭೆ ಕಲಿಸುತ್ತದೆ. ಆದ್ದರಿಂದಲೇ ಈ ಸಂಸ್ಕಾರ ಬದುಕಿನಲ್ಲಿ ಒಮ್ಮೆ ಮಾತ್ರ. ಇಪ್ಪತ್ತು ವರ್ಷ ದೂರವಿದ್ದು ಮರಳಿ ಬಂದವರಿಗೆ ಮತ್ತೆ ನೀರು ಹಾಕುವುದಿಲ್ಲ; ಅವರು ಪಾಪನಿವೇದನೆ ಮಾಡಿ ಒಳಗೆ ಬರುತ್ತಾರೆ. ಎಷ್ಟು ದೂರ ಹೋದರೂ ಮಗಳು ಮಗಳೇ ತಾನೆ.

ನಿಮ್ಮ ಪ್ರಶ್ನೆಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಮಾತು ‘ನನ್ನಂಥವಳು’. ಗುರುಗಳು ಮೇಲಿನ ಮೆಟ್ಟಿಲು, ಕನ್ಯಾಸ್ತ್ರೀಯರು ನಡುವಿನದು, ಉಳಿದವರು ಕೆಳಗೆ ಎಂಬ ಏಣಿ ನಮ್ಮ ತಲೆಯಲ್ಲಿ ಬೇರೂರಿಬಿಟ್ಟಿದೆ. ಜಗತ್ತಿನ ಧರ್ಮಾಧ್ಯಕ್ಷರು (ಬಿಷಪ್‌ಗಳು) ಸೇರಿದ್ದ ದ್ವಿತೀಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಧರ್ಮಸಭೆಯ ಬಗ್ಗೆ ಹೊರಡಿಸಿದ ‘ಲೂಮೆನ್ ಜೆನ್ಸಿಯಮ್’ ಎಂಬ ದಾಖಲೆ ಬೇರೆಯೇ ಹೇಳುತ್ತದೆ: ಕೆಲಸಗಳು ಬೇರೆ ಬೇರೆ, ಘನತೆ ಎಲ್ಲರಿಗೂ ಒಂದೇ. ಅಲ್ಲಿ ಸಂತ ಅಗಸ್ಟೀನರ ಮಾತೊಂದನ್ನು ನೆನೆಯಲಾಗಿದೆ. ತಾನು ಜನರಿಗಾಗಿ ಧರ್ಮಾಧ್ಯಕ್ಷ, ಜನರೊಂದಿಗೆ ಕ್ರೈಸ್ತ. ಮೊದಲನೆಯದು ವಹಿಸಿಕೊಂಡ ಹುದ್ದೆ, ಎರಡನೆಯದು ವರಪ್ರಸಾದ ಎಂದಿದ್ದರು ಅವರು. ಹಿಪ್ಪೋದ ಆ ಧರ್ಮಾಧ್ಯಕ್ಷರಿಗೆ ಹುದ್ದೆ ಅಂಜಿಕೆ ತರುತ್ತಿತ್ತು, ಕ್ರೈಸ್ತತನ ಸಮಾಧಾನ ಕೊಡುತ್ತಿತ್ತು.

ನಿಮ್ಮ ನೆತ್ತಿಗೆ ಅಂದು ಪವಿತ್ರ ತೈಲ ಹಚ್ಚುವಾಗ ಹೇಳಿದ ಪ್ರಾರ್ಥನೆಯಲ್ಲಿ ಮೂರು ಪದಗಳಿದ್ದವು: ಯಾಜಕ, ಪ್ರವಾದಿ, ರಾಜ. ಕ್ರಿಸ್ತರ ಈ ಮೂರರಲ್ಲೂ ನಿಮಗೆ ಪಾಲುಂಟು. ನಾನು ಯಾಜಕಿಯೇ ಎಂದು ನಗಬೇಡಿ. ಗುರುದೀಕ್ಷೆ ಪಡೆದವರ ಯಾಜಕತ್ವ ಬೇರೆ ಬಗೆಯದು, ಬಲಿಪೀಠದಲ್ಲಿ ಅವರು ಮಾಡುವುದನ್ನು ನೀವು ಮಾಡಲಾಗದು. ಆದರೆ ರೊಟ್ಟಿ, ದ್ರಾಕ್ಷಾರಸವನ್ನು ಅರ್ಪಿಸುವ ಹೊತ್ತಿನಲ್ಲಿ ನೀವು ಸುಮ್ಮನೆ ನೋಡುತ್ತ ಕೂರುವ ಪ್ರೇಕ್ಷಕಿಯಲ್ಲ. ವಾರವಿಡೀ ಮಾಡಿದ ದುಡಿಮೆ, ಹಾಸಿಗೆ ಹಿಡಿದ ಅತ್ತೆಯ ಆರೈಕೆ, ನಿದ್ದೆಗೆಟ್ಟ ರಾತ್ರಿ, ಬಾಯಿಗೆ ಬಂದರೂ ನುಂಗಿಕೊಂಡ ಮಾತು, ಕೊನೆಗೆ ವಿಶ್ರಾಂತಿ ಕೂಡ ಆ ತಟ್ಟೆಯಲ್ಲಿ ಇಡಬಹುದಾದ ಬಲಿಯೇ. ಅದನ್ನು ನಿಮ್ಮ ಪರವಾಗಿ ಇನ್ನೊಬ್ಬರು ಅರ್ಪಿಸಲು ಬರುವುದಿಲ್ಲ. ಪ್ರವಾದಿಯ ಪಾಲು ಎಂದರೆ ವಿಶ್ವಾಸವನ್ನು ಬಾಯಲ್ಲೂ ಬಾಳಿನಲ್ಲೂ ತೋರುವುದು. ಸುಳ್ಳು ಲೆಕ್ಕಕ್ಕೆ ಸಹಿ ಹಾಕಲಾರೆ ಎಂದ ಗುಮಾಸ್ತೆಯೂ ಆ ಕೆಲಸ ಮಾಡಿದಂತೆಯೇ. ರಾಜನ ಪಾಲು ಮೊದಲು ತನ್ನನ್ನು ತಾನು ಆಳಿಕೊಳ್ಳುವುದು, ಆಮೇಲೆ ಸೇವೆ. ಈ ರಾಜರು, ಅಂದರೆ ಕ್ರಿಸ್ತರು, ಶಿಷ್ಯರ ಕಾಲು ತೊಳೆದವರಲ್ಲವೇ.

ಇನ್ನು ನೀವು ಹೆಸರಿಸಿದ ಕಟ್ಟಳೆಗಳು. ಭಾನುವಾರ ಮತ್ತು ಕಡ್ಡಾಯ ಹಬ್ಬಗಳಂದು ಬಲಿಪೂಜೆ, ವರ್ಷಕ್ಕೊಮ್ಮೆಯಾದರೂ ಗಂಭೀರ ಪಾಪಗಳ ನಿವೇದನೆ, ಪಾಸ್ಖ (ಈಸ್ಟರ್) ಕಾಲದಲ್ಲಿ ಒಮ್ಮೆಯಾದರೂ ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ), ನಿಗದಿತ ದಿನಗಳ ಉಪವಾಸ ಮತ್ತು ಮಾಂಸತ್ಯಾಗ, ಧರ್ಮಸಭೆಯ ಅಗತ್ಯಗಳಿಗೆ ಕೈಲಾದ ನೆರವು. ಮಾಂಸತ್ಯಾಗ 14 ತುಂಬಿದವರಿಗೆ. ಉಪವಾಸ 18ರಿಂದ 59 ತುಂಬುವವರೆಗೆ. ಕಾಯಿಲೆ ಬಿದ್ದವರಿಗೆ, ಎಳೆಗೂಸಿನ ತಾಯಿಗೆ ಭಾನುವಾರದ ಪೂಜೆ ತಪ್ಪಿದರೆ ಪಾಪವಿಲ್ಲ. ಇದು ಉತ್ತೀರ್ಣರಾಗಲು ಬೇಕಾದ ಕನಿಷ್ಠ ಅಂಕ. ಧರ್ಮಸಭೆಯ ಬೋಧನೆಯ ಗ್ರಂಥವಾದ ಧರ್ಮೋಪದೇಶವೂ ಇದನ್ನು ಕನಿಷ್ಠ ಎಂದೇ ಕರೆಯುತ್ತದೆ. ಕೆಲವರು ಅದನ್ನೇ ಪೂರ್ತಿ ಅಂಕಪಟ್ಟಿ ಎಂದುಕೊಂಡು ಅಕ್ಕಪಕ್ಕದವರ ಅಂಕವನ್ನೂ ಎಣಿಸುತ್ತಾರೆ, ಬಿಡಿ.

ಕರ್ತವ್ಯದ ಮಾತು ಕೇಳಿದವರು ಹಕ್ಕಿನ ಮಾತನ್ನು ಅಷ್ಟಾಗಿ ಕೇಳಿರುವುದಿಲ್ಲ. ದೇವರ ವಾಕ್ಯವನ್ನೂ ಸಂಸ್ಕಾರಗಳನ್ನೂ ಕೇಳಿ ಪಡೆಯುವ ಹಕ್ಕು ನಿಮಗಿದೆ. ಧರ್ಮಸಭೆಯ ಒಳಿತಿನ ಬಗ್ಗೆ ನಿಮಗೆ ಅನ್ನಿಸಿದ್ದನ್ನು ಗುರುಗಳಿಗೆ ಗೌರವದಿಂದ ತಿಳಿಸುವುದು ಹಕ್ಕು ಮಾತ್ರವಲ್ಲ, ಕೆಲವೊಮ್ಮೆ ಕರ್ತವ್ಯ ಕೂಡ ಎನ್ನುತ್ತದೆ ಅದೇ ಸಂಹಿತೆ. ಬಡವರಿಗೆ ನೆರವಾಗುವುದು, ಸಾಮಾಜಿಕ ನ್ಯಾಯಕ್ಕೆ ದುಡಿಯುವುದು ಸಹ ಅದರಲ್ಲಿ ಬಾಧ್ಯತೆಯಾಗಿಯೇ ಇದೆ. ಉಪವಾಸದಷ್ಟು ಇದರ ಸದ್ದು ಕೇಳಿಸುವುದಿಲ್ಲ ಅಷ್ಟೆ.

ಲೂಕನ ಶುಭಸಂದೇಶದಲ್ಲಿ ದುಂದುಗಾರ ಮಗನ ಕಥೆಯಿದೆ: ಆಸ್ತಿಯ ಪಾಲು ಕರಗಿಸಿ ಮರಳಿದ ಕಿರಿಯ ಮಗನಿಗೆ ತಂದೆ ಔತಣ ಮಾಡಿಸುತ್ತಾನೆ. ಅದರಲ್ಲಿ ನನಗೆ ಕಾಡುವವನು ಹಿರಿಯ ಮಗ. ಒಂದು ಆಜ್ಞೆಯನ್ನೂ ಮೀರಿದವನಲ್ಲ. ಆದರೂ ಇಷ್ಟು ವರ್ಷ ಗುಲಾಮನ ಹಾಗೆ ದುಡಿದೆ, ಒಂದು ಆಡಿನ ಮರಿಯನ್ನೂ ಕೊಡಲಿಲ್ಲ ಎಂದು ತಂದೆಯ ಮುಂದೆ ಕೂಲಿಯ ಲೆಕ್ಕ ಒಪ್ಪಿಸುತ್ತಾನೆ. ತಂದೆ ಲೆಕ್ಕಕ್ಕೆ ಲೆಕ್ಕ ಹೇಳುವುದಿಲ್ಲ. ಮಗನೇ ಎಂದು ಕರೆದು, ನನ್ನದೆಲ್ಲ ನಿನ್ನದೇ ಅಲ್ಲವೇ ಎನ್ನುತ್ತಾನೆ. ಅವನು ತಪ್ಪಿದ್ದು ಕೆಲಸದಲ್ಲಲ್ಲ, ಆ ಮನೆಯಲ್ಲಿ ತಾನು ಯಾರು ಎಂಬುದರಲ್ಲಿ.

ನಿಮ್ಮನ್ನು ಕೇಳಲಿಲ್ಲ ಎಂದಿರಿ. ಪಾಸ್ಖ ಜಾಗರಣೆಯ ರಾತ್ರಿ ಬನ್ನಿ. ಉರಿಯುವ ಮೇಣದಬತ್ತಿ ಹಿಡಿದು ನಿಂತ ಎಲ್ಲರನ್ನೂ ಗುರುಗಳು ಕೇಳುತ್ತಾರೆ: ಸೈತಾನನನ್ನು ತ್ಯಜಿಸುತ್ತೀರಾ? ಪಿತನಲ್ಲಿ, ಸುತನಲ್ಲಿ, ಪವಿತ್ರಾತ್ಮರಲ್ಲಿ ವಿಶ್ವಾಸವಿಡುತ್ತೀರಾ? ಅಂದು ನಿಮ್ಮ ತಂದೆತಾಯಿ ಮತ್ತು ಅವರ ಜೊತೆ ನಿಮ್ಮ ಹೊಣೆ ಹೊತ್ತ ಜ್ಞಾನತಂದೆತಾಯಿಯನ್ನು ಕೇಳಿದ ಪ್ರಶ್ನೆಗಳೇ ಇವು. ಈ ಸಲ ಕೇಳುತ್ತಿರುವುದು ನಿಮ್ಮನ್ನು.