ಚಿರಂಜೀವಿಗೆ ಸಾವಿಲ್ಲ ಎಂದವರು ಯಾರು?

ಈಚೆಗೆ ಓದಿದ ಮೂರನೆಯ ಫ್ಯಾಂಟಸಿ ಕಥೆಯಲ್ಲೂ ಅದೇ ವಾಕ್ಯ: ‘ಅವನು ಚಿರಂಜೀವಿ, ಅವನಿಗೆ ಸಾವೇ ಇಲ್ಲ.’ ಮುಂದಿನ ಪುಟದಲ್ಲಿ ಎದೆಗೆ ನೆಟ್ಟ ಕತ್ತಿಯನ್ನು ನಾಯಕ ನಗುತ್ತ ಕಿತ್ತೆಸೆಯುತ್ತಾನೆ. ಕಿತ್ತೆಸೆಯಲಿ, ತಕರಾರಿಲ್ಲ. ಅದಕ್ಕೆ ಈ ಪದವನ್ನು ಸಾಕ್ಷಿಗೆ ಕರೆಯಬಾರದು.

‘ಚಿರಂ’ ಎಂದರೆ ಬಹುಕಾಲ, ಎಂದೆಂದಿಗೂ ಎಂದಲ್ಲ. ಇದಕ್ಕೆ ವಿರುದ್ಧವಾದ ‘ಅಚಿರ’ಕ್ಕೆ ಅಲ್ಪಕಾಲದ್ದು ಎಂದು ಅರ್ಥ. ಅದು ಅಲ್ಪಕಾಲವಾದರೆ ಇದು ದೀರ್ಘಕಾಲವಾದೀತೇ ಹೊರತು ಅನಂತವಾಗದು. ‘ಅಮರ’ನ ವಂಶವೇ ಬೇರೆ. ಸಾಯುವುದನ್ನು ಹೇಳುವ ‘ಮೃ’ ಧಾತುವಿನಿಂದ ಮರಣ, ಮೃತ್ಯು, ಮರ್ತ್ಯ ಹುಟ್ಟಿದವು. ಅವುಗಳಿಗೆ ಬೆನ್ನು ತಿರುಗಿಸಿ ಅಮರ, ಅಮೃತ ನಿಂತವು. ಒಂದು ಪದ ಆಯುಸ್ಸನ್ನು ಅಳೆಯುತ್ತದೆ, ಇನ್ನೊಂದು ಸಾವನ್ನು ಅಲ್ಲಗಳೆಯುತ್ತದೆ. ಮದುವೆಯ ಕರೆಯೋಲೆಯಲ್ಲಿ ವರನ ಹೆಸರಿನ ಹಿಂದೆ ‘ಚಿ॥’ ಎಂದು ಅಚ್ಚು ಹಾಕಿಸುವಾಗ ಹುಡುಗ ಸಾಯುವುದೇ ಇಲ್ಲವೆಂದು ಯಾವ ತಂದೆಯೂ ಭಾವಿಸುವುದಿಲ್ಲ. ಇನ್ನು ‘ಅಮರರಾದರು’ ಎಂದು ಓದಿದರೆ ತೀರಿಕೊಂಡರು ಎಂದೇ ತಿಳಿಯಬೇಕು. ಬದುಕಿರುವವರು ಚಿರಂಜೀವಿಗಳು, ಸತ್ತವರು ಅಮರರು: ಕನ್ನಡದ ಬಳಕೆಗೆ ಈ ವ್ಯತ್ಯಾಸ ಎಷ್ಟು ಚೆನ್ನಾಗಿ ಗೊತ್ತಿದೆ ನೋಡಿ.

ಅಶ್ವತ್ಥಾಮ, ಬಲಿ, ವ್ಯಾಸ, ಹನುಮಂತ, ವಿಭೀಷಣ, ಕೃಪ, ಪರಶುರಾಮ ಎಂಬ ಏಳು ಚಿರಂಜೀವಿಗಳ ಶ್ಲೋಕ ಎಲ್ಲರಿಗೂ ಬರುತ್ತದೆ. ಮಾರ್ಕಂಡೇಯ ಎಂಟನೆಯವನಾಗಿ ಬಂದು ಸೇರುತ್ತಾನೆ. ಇವರಲ್ಲಿ ಕಥೆಗಾರರು ಹೆಚ್ಚು ಕೆಡಿಸಿರುವುದು ಅಶ್ವತ್ಥಾಮನನ್ನು. ಶಸ್ತ್ರ, ರೋಗ, ಹಸಿವು ಯಾವುದರ ಭಯವೂ ಇಲ್ಲದಂತೆ ಅವನನ್ನು ಕಾಯುತ್ತಿದ್ದುದು ತಲೆಯ ಮಣಿ. ಮಹಾಭಾರತದ ಸೌಪ್ತಿಕ ಪರ್ವದಲ್ಲಿ ಪಾಂಡವರು ಅದನ್ನು ಪಡೆದುಕೊಳ್ಳುತ್ತಾರೆ. ಅಂದರೆ ಕತ್ತಿಗೆ ಬಗ್ಗದ ಮೈ ಹೋದ ಮೇಲೆಯೇ ಅವನ ದೀರ್ಘಾಯುಸ್ಸಿನ ಕಥೆ ಆರಂಭವಾಗುವುದು! ಕೃಷ್ಣನ ಶಾಪಕ್ಕೂ ಲೆಕ್ಕವಿದೆ: 3,000 ವರ್ಷ, ಮೈಯೆಲ್ಲ ಕೀವು ನೆತ್ತರ ನಾತ, ಮಾತನಾಡಿಸುವವರಿಲ್ಲದ ಅಲೆದಾಟ. ಇದನ್ನು ಮಹಾಶಕ್ತಿ ಎಂದು ಬರೆಯುವವರು ಆ ಅಧ್ಯಾಯವನ್ನು ಒಮ್ಮೆ ತೆರೆದು ನೋಡಬಾರದೇ?

ಹನುಮಂತನ ಆಯುಸ್ಸಿಗೂ ಅಳತೆಗೋಲಿದೆ: ಲೋಕದಲ್ಲಿ ರಾಮಕಥೆ ನಡೆಯುತ್ತಿರುವವರೆಗೆ. ಏಟು ತಗಲದ ಮೈ ಅವನಿಗೆ ಹುಟ್ಟಿನಿಂದ ಬಂದದ್ದಲ್ಲ. ವಜ್ರಾಯುಧದ ಪೆಟ್ಟಿಗೆ ‘ಹನು’ ಎಂದರೆ ದವಡೆ ಮುರಿದದ್ದರಿಂದಲೇ ಆ ಹೆಸರು ಬಂತೆಂದು ರಾಮಾಯಣ ಹೇಳುತ್ತದೆ. ಹಾಗಾದರೆ ಅಮರರೆನಿಸಿದ ದೇವತೆಗಳಾದರೂ ಶಾಶ್ವತರೇ? ಮನ್ವಂತರಕ್ಕೊಬ್ಬ, ಅಂದರೆ ಒಬ್ಬ ಮನುವಿನ ಅವಧಿಗೊಬ್ಬ ಇಂದ್ರ ಬದಲಾಗುತ್ತಾನೆ; ಬ್ರಹ್ಮನ ಒಂದು ಹಗಲಾದ ಕಲ್ಪಕ್ಕೆ 14 ಮಂದಿ. ರಾವಣ ಅಮರತ್ವ ಬೇಡಿದಾಗ ಬ್ರಹ್ಮ ಆಗದು ಎಂದುಬಿಟ್ಟ.

ನಮ್ಮ ಕಥೆಗಾರರು ಕೈ ಹಾಕದ ಸಂಗತಿ ಇಲ್ಲಿದೆ. ಭಾಗವತದ ಪ್ರಕಾರ ಮುಂದಿನ, ಅಂದರೆ ಎಂಟನೆಯ ಮನ್ವಂತರದಲ್ಲಿ ಪರಶುರಾಮ, ವ್ಯಾಸ, ಕೃಪ, ಅಶ್ವತ್ಥಾಮ ನಾಲ್ವರೂ ಸಪ್ತರ್ಷಿಗಳಾಗುತ್ತಾರೆ, ಬಲಿ ಇಂದ್ರನಾಗುತ್ತಾನೆ. ಈ ಐವರು ಹುದ್ದೆಗಾಗಿ ಕಾಯುತ್ತಿರುವವರು. ಮಲಗಿದ್ದ ಪಾಂಡವರ ಮಕ್ಕಳನ್ನು ಕೊಂದ ಅಶ್ವತ್ಥಾಮನೂ ಋಷಿಯಾಗಬೇಕು. ಅಷ್ಟು ಕಾಲ ಅವನು ಏನು ಮಾಡುತ್ತಾನೆ, ಯಾರ ಮುಖ ನೋಡುತ್ತಾನೆ, ಪಕ್ಕದ ಆಸನದ ಕೃಪ ಅವನ ಸೋದರಮಾವ. ಬರೆಯುವವನಿಗೆ ಇದು ಸಾಲದೇ?

ಬಲಿಯ ಕಾಯುವಿಕೆಯನ್ನು ತುಳುನಾಡು ಚೆನ್ನಾಗಿ ಬಲ್ಲದು. ದೀಪಾವಳಿಯ ರಾತ್ರಿ ಗದ್ದೆಗೆ ದೀಪ ತೋರಿಸಿ ‘ಬಲಿಯೇಂದ್ರ’ನನ್ನು ಕೂಗಿ ಕರೆಯುವ ಪಾಡ್ದನದಲ್ಲಿ, ಅಂದರೆ ತುಳು ಜನಪದ ಹಾಡಿನಲ್ಲಿ, ಅವನು ರಾಜ್ಯಕ್ಕೆ ಮರಳಲು ಗಡುವು ಹೇಳಿದ್ದಾರೆ: ಬಿಳಿಗಲ್ಲು ಹೂ ಬಿಟ್ಟಾಗ, ಉದ್ದು ಮದ್ದಳೆಯಾದಾಗ. ಅಲ್ಲಿಯವರೆಗೆ ವರ್ಷಕ್ಕೊಮ್ಮೆ ಬಂದು, ದೀಪ ನೋಡಿ ಹೋಗಬೇಕು.