ಗೋಡೆ ಮೇಲೆ ಓಡುವ ರಾಜಕುಮಾರನಿಗೆ ಕಣ್ಣೇ ಆಧಾರ

‘ಪ್ರಿನ್ಸ್ ಆಫ್ ಪರ್ಷಿಯಾ: ದಿ ಸ್ಯಾಂಡ್ಸ್ ಆಫ್ ಟೈಮ್’ ಬಂದದ್ದು 2003ರಲ್ಲಿ. ಯೂಬಿಸಾಫ್ಟ್ ಕಂಪನಿಯ ಮಾಂಟ್ರಿಯಲ್ ಸ್ಟುಡಿಯೋ ಮಾಡಿದ ವಿಡಿಯೋ ಗೇಮ್. ಇದರ ರಾಜಕುಮಾರ ಗೋಡೆಯ ಮೇಲೆ ಅಡ್ಡಡ್ಡ ಓಡುತ್ತಾನೆ, ಕಂಬ ಹತ್ತುತ್ತಾನೆ, ಒಂದು ಸರಳಿಗೆ ಜೋತುಬಿದ್ದು ಇನ್ನೊಂದಕ್ಕೆ ಹಾರುತ್ತಾನೆ. ಇಷ್ಟು ವರ್ಷವಾದರೂ ಆ ಓಟ, ಆ ನೆಗೆತ ಹಳೆಯದು ಅನ್ನಿಸುವುದಿಲ್ಲ. ಆದರೆ ಕತ್ತಿ ಕಾಳಗ ಶುರುವಾದ ಕೂಡಲೇ ಆಟ ಕುಂಟುತ್ತದೆ. ಇದಕ್ಕೂ ಅದಕ್ಕೂ ಬಹುಮಟ್ಟಿಗೆ ಕಾರಣ ಕ್ಯಾಮೆರಾ, ಅಂದರೆ ಪರದೆಯಲ್ಲಿ ಆಟವನ್ನು ನಮಗೆ ತೋರಿಸುವ ನೋಟ, ಅಂತ ನನಗನ್ನಿಸುತ್ತದೆ.

ಮೊದಲು ಗೋಡೆಯ ವಿಷಯ. ದಾದರ್‌ನ ಶಿವಾಜಿ ಪಾರ್ಕಿನಲ್ಲಿ ಮಲ್ಲಕಂಬ ಕಲಿಸುತ್ತಾರೆ. ಉತ್ತರ ಕರ್ನಾಟಕದಿಂದ ಬಂದು ಮುಂಬಯಿಯಲ್ಲಿ ನೆಲೆಸಿದವರಿಗೆ ಇದೇನೂ ಹೊಸದಲ್ಲ. ಕಂಬಕ್ಕೆ ಹರಳೆಣ್ಣೆ ಸವರಿರುತ್ತಾರೆ, ಚರ್ಮ ತರಚದಿರಲಿ ಅಂತ. ಹುಡುಗ ಓಡಿಬಂದು ಕಂಬ ಏರುತ್ತಾನೆ, ತೊಡೆಗಳ ನಡುವೆ ಅದನ್ನು ಬಿಗಿಯಾಗಿ ಅಮುಕುತ್ತಾನೆ, ತಲೆಕೆಳಗಾಗಿ ಎರಡೂ ಕೈ ಬಿಡುತ್ತಾನೆ. ಎಣ್ಣೆಯಿಂದ ಘರ್ಷಣೆ ಕಡಿಮೆಯಾಗಿರುತ್ತದೆ. ಆ ಕೊರತೆಯನ್ನು ಅವನು ಒತ್ತಡದಿಂದ ತುಂಬಿಕೊಳ್ಳಬೇಕು. ಎಷ್ಟು ಜಾಸ್ತಿ ಒತ್ತುತ್ತಾನೋ ಅಷ್ಟು ಹಿಡಿತ.

ಚಪ್ಪಟೆ ಗೋಡೆಯಲ್ಲಿ ಹೀಗೆ ಅಮುಕುವುದಕ್ಕೆ ಇನ್ನೊಂದು ಬದಿಯೇ ಇಲ್ಲ. ಓಡಿಬಂದ ರಭಸದಲ್ಲಿ ಒಂದೆರಡು ಹೆಜ್ಜೆ ಇಡಬಹುದು, ಅಷ್ಟೇ. ಆಮೇಲೆ ಪಾದವನ್ನು ಗೋಡೆಗೆ ಒತ್ತುವ ಬಲವೇ ಇರುವುದಿಲ್ಲ. ಹಿಡಿತ ತಪ್ಪಿದವನು ಒಂದು ಸೆಕೆಂಡಿನಲ್ಲಿ ಸುಮಾರು 4.9 ಮೀಟರ್ ಕೆಳಗೆ ಬಿದ್ದಿರುತ್ತಾನೆ. ಗೇಮ್ ಈ ಲೆಕ್ಕವನ್ನು ಪಕ್ಕಕ್ಕಿಡುತ್ತದೆ. ಆದರೂ ನಾವು ನಂಬುತ್ತೇವಲ್ಲ, ಯಾಕೆ?

ಮನುಷ್ಯರ ಚಲನೆ ಗುರುತಿಸುವುದರಲ್ಲಿ ನಮ್ಮ ಕಣ್ಣು ಬಹಳ ಚುರುಕು. ಸ್ವೀಡನ್ನಿನ ಮನೋವಿಜ್ಞಾನಿ ಗುನ್ನರ್ ಯೊಹಾನ್ಸನ್ ಇದನ್ನು 1973ರಲ್ಲಿ ತೋರಿಸಿದರು. ಕತ್ತಲಲ್ಲಿ ನಡೆಯುವವನ ಕೀಲುಗಳ ಬಳಿ ಹತ್ತು ಹನ್ನೆರಡು ಬೆಳಕಿನ ಚುಕ್ಕೆ ಇದ್ದರೆ ಸಾಕು, ನೋಡುವವರು ತಕ್ಷಣ ‘ಮನುಷ್ಯ’ ಅನ್ನುತ್ತಾರೆ. ಜೋರ್ಡನ್ ಮೆಕ್ನರ್ 1989ರ ಮೊದಲ ‘ಪ್ರಿನ್ಸ್ ಆಫ್ ಪರ್ಷಿಯಾ’ ಮಾಡುವಾಗ ಸಹೋದರ ಡೇವಿಡ್‌ನ ಓಟ, ನೆಗೆತಗಳನ್ನು ವಿಡಿಯೋ ಮಾಡಿ, ಅದರಿಂದ ಒಂದೊಂದೇ ಭಂಗಿಯನ್ನು ಚಿತ್ರಿಸಿಕೊಂಡಿದ್ದರು. 2003ರ ಗೇಮ್ ಕೂಡ ಮೈಯ ಭಾರವನ್ನು ಅಷ್ಟೇ ಅಕ್ಕರೆಯಿಂದ ತೋರಿಸುತ್ತದೆ. ನೆಲಕ್ಕೆ ಇಳಿದಾಗ ಮೊಣಕಾಲು ಬಾಗುತ್ತದೆ, ಅಂಚು ಹಿಡಿದಾಗ ಮೈ ತೂಗುತ್ತದೆ. ಮೈ ನಿಜ ಅನ್ನಿಸಿದರೆ ಗೋಡೆಯ ಸುಳ್ಳನ್ನೂ ಕಣ್ಣು ಒಪ್ಪಿಕೊಳ್ಳುತ್ತದೆ.

ಇನ್ನು ಸಮಯವನ್ನು ಹಿಂದಕ್ಕೆ ತಿರುಗಿಸುವ ಕಠಾರಿ. ಈ ಗೇಮ್‌ನ ಅತಿ ದೊಡ್ಡ ಶಕ್ತಿ ಇದೇ. ಜಿಗಿತ ತಪ್ಪಿತು ಅಂದ್ಕೊಳ್ಳಿ. ಬಟನ್ ಒತ್ತಿ ಹಿಡಿದರೆ ಬಿದ್ದವನು ಮೇಲೇರಿ ಅದೇ ಅಂಚಿನಲ್ಲಿ ನಿಲ್ಲುತ್ತಾನೆ. ಕಠಾರಿಯಲ್ಲಿ ಮಾಯಾ ಮರಳು ಇರುವಷ್ಟು ಸಲ ಮಾತ್ರ. ಕಂಪ್ಯೂಟರ್ ಇಲ್ಲಿ ಭೌತಶಾಸ್ತ್ರವನ್ನು ಉಲ್ಟಾ ಓಡಿಸುವುದಕ್ಕೆ ಹೋಗುವುದಿಲ್ಲ. ಪಾತ್ರಗಳು ಎಲ್ಲಿದ್ದವು, ಯಾವ ಭಂಗಿಯಲ್ಲಿದ್ದವು ಎಂಬುದನ್ನು ಬರೆದಿಟ್ಟುಕೊಂಡರೆ ಅದನ್ನೇ ಹಿಂದಿನಿಂದ ಓದಬಹುದು. ಕಲಿಕೆಯ ದೃಷ್ಟಿಯಿಂದ ಇದು ಅದ್ಭುತ. ತಪ್ಪು ಮನಸ್ಸಿನಲ್ಲಿ ಹಸಿಯಾಗಿರುವಾಗಲೇ ತಿದ್ದಿಕೊಳ್ಳುವ ಅವಕಾಶ ಸಿಗುತ್ತದೆ. ಹಂತವನ್ನು ಮೊದಲಿಂದ ಆಡಿಸುವ ಗೇಮ್‌ಗಳು ಈ ಕ್ಷಣವನ್ನು ಸುಮ್ನೆ ಹಾಳುಮಾಡುತ್ತವೆ.

ಈಗ ಕ್ಯಾಮೆರಾಕ್ಕೆ ಬರೋಣ. ಮಲ್ಲಕಂಬದ ಹುಡುಗನ ಒಳಕಿವಿಯಲ್ಲಿ ಮೂರು ಅರ್ಧವೃತ್ತದ ನಾಳಗಳಿವೆ, ಅವುಗಳಲ್ಲಿ ದ್ರವವಿದೆ. ತಲೆ ತಿರುಗಿದಾಗ ದ್ರವ ಹಿಂದೆ ಉಳಿಯುತ್ತದೆ, ಯಾವ ಕಡೆ ತಿರುಗಿದೆ ಎಂಬ ಸುದ್ದಿ ಮಿದುಳಿಗೆ ಮುಟ್ಟುತ್ತದೆ. ಕಣ್ಣು ಮುಚ್ಚಿದರೂ ತಲೆ ತಿರುಗಿದ್ದು ಗೊತ್ತಾಗುತ್ತದೆ, ಅಲ್ವಾ? ಸೋಫಾದಲ್ಲಿ ಕೂತು ಆಡುವವನಿಗೆ ಆ ಸುದ್ದಿ ಬರುವುದೇ ಇಲ್ಲ. ಅವನ ಪಾಲಿಗೆ ದಿಕ್ಕು ಹೇಳುವ ಮುಖ್ಯ ಆಸರೆ ಕ್ಯಾಮೆರಾ. ಹೊಸ ಕೋಣೆಗೆ ಕಾಲಿಟ್ಟಾಗ ಅದು ಸುತ್ತ ತಿರುಗಿ ದಾರಿ ತೋರಿಸುತ್ತದೆ. ಆಗ ಎಲ್ಲವೂ ಸಲೀಸು.

ಕಾಳಗದಲ್ಲಿ ಅದೇ ಕ್ಯಾಮೆರಾ ಕೈಕೊಡುತ್ತದೆ. ಕೈಯಲ್ಲಿರುವ ಕಂಟ್ರೋಲರ್‌ನ ಸ್ಟಿಕ್ಕನ್ನು ಮುಂದಕ್ಕೆ ತಳ್ಳಿದರೆ ರಾಜಕುಮಾರ ಕ್ಯಾಮೆರಾದಿಂದ ದೂರಕ್ಕೆ ಹೋಗಬೇಕು. ಇಕ್ಕಟ್ಟಿನ ಜಾಗದಲ್ಲಿ ನೋಟ ಥಟ್ಟನೆ ಬದಲಾದರೆ, ಅದೇ ಕೈಚಲನೆ ಅವನನ್ನು ಬೇರೆ ದಿಕ್ಕಿಗೆ ಒಯ್ಯುತ್ತದೆ. ಮನುಷ್ಯ ಪ್ರತಿಕ್ರಿಯಿಸುವುದಕ್ಕೆ ಸುಮಾರು 0.2 ಸೆಕೆಂಡಾದರೂ ಬೇಕು. ಅಷ್ಟರಲ್ಲಿ ಬೆನ್ನಿಗೆ ಏಟು ಬಿದ್ದಿರುತ್ತದೆ. ಇದು ಆಡುವವನ ತಪ್ಪಲ್ಲ. ಇದರ ಜೊತೆಗೆ ಮರಳಿನ ಸೈನಿಕರು ಅಲೆಅಲೆಯಾಗಿ ಬರುತ್ತಲೇ ಇರುತ್ತಾರೆ. ತಲೆ ಮೇಲಿಂದ ಹಾರು, ಹೊಡೆ, ಕಠಾರಿ ಚುಚ್ಚು. ಚುಚ್ಚದಿದ್ದರೆ ಮತ್ತೆ ಏಳುತ್ತಾರೆ. ನೀಲಿ ಬಟ್ಟೆಯವರ ಮೇಲೆ ಹಾರುವ ಪಟ್ಟು ನಡೆಯುವುದಿಲ್ಲ, ಬದಲಾವಣೆ ಅಂದರೆ ಅಂಥದ್ದೇ ಒಂದೆರಡು. ಓಟದಲ್ಲಿ ಮುಂದಿನ ಗೋಡೆ ಹೊಸ ಪ್ರಶ್ನೆ ಕೇಳುತ್ತದೆ, ಕಾಳಗದಲ್ಲಿ ಬಹುಪಾಲು ಹಳೆ ಪ್ರಶ್ನೆಯೇ.

ಈ ಗೇಮನ್ನು ಹೊಸದಾಗಿ ಕಟ್ಟುವ ಕೆಲಸ ಯೂಬಿಸಾಫ್ಟ್‌ನ ಪುಣೆ ಮತ್ತು ಮುಂಬಯಿ ಸ್ಟುಡಿಯೋಗಳಲ್ಲಿ ನಡೆಯುತ್ತಿದೆ ಅಂತ 2020ರಲ್ಲಿ ಸುದ್ದಿ ಬಂದಾಗ ಇಲ್ಲಿ ಆಡುವ ನಮಗೆಲ್ಲ ಹೆಮ್ಮೆ. 2022ರಲ್ಲಿ ಆ ಕೆಲಸ ಮಾಂಟ್ರಿಯಲ್‌ಗೆ ಹೋಯಿತು. ಈ ಗೇಮನ್ನು ಯಾರೇ ಮತ್ತೆ ಕಟ್ಟಲಿ, ಗೋಡೆ ಓಟವನ್ನು ಮುಟ್ಟುವುದು ಬೇಡ. ಕಾಳಗ ನಡೆಯುವಾಗ ಕ್ಯಾಮೆರಾ ದಿಕ್ಕು ಬದಲಿಸಿದರೂ, ಒತ್ತಿ ಹಿಡಿದ ಸ್ಟಿಕ್ಕಿನ ಅರ್ಥ ಬೆರಳು ಬಿಡುವವರೆಗೆ ಹಳೆಯದೇ ಇರಲಿ.