ಆಯ್ಕೆಯಾದವರು, ನಾಮಕರಣಗೊಂಡವರು: ವಿಶ್ವನಾಥ್ ಪ್ರಕರಣದ ಹಿನ್ನೆಲೆ

ವಿಧಾನ ಪರಿಷತ್ತಿನ ಸದಸ್ಯರಾಗಿದ್ದರೂ ಅಡಗೂರು ಎಚ್. ವಿಶ್ವನಾಥ್ ಅವರು ಸಚಿವರಾಗಲು ಅನರ್ಹರು ಎಂದು ಕರ್ನಾಟಕ ಹೈಕೋರ್ಟ್ 2020ರ ನವೆಂಬರ್ 30ರಂದು ಮಧ್ಯಂತರ ಆದೇಶ ನೀಡಿತು. 2021ರ ಜನವರಿ 28ರಂದು ಸುಪ್ರೀಂ ಕೋರ್ಟ್ ಕೂಡ ಅವರ ಮೇಲ್ಮನವಿಯನ್ನು ತಳ್ಳಿಹಾಕಿತು. ಅವರಂತೆಯೇ 2019ರಲ್ಲಿ ಶಾಸಕ ಸ್ಥಾನದಿಂದ ಅನರ್ಹಗೊಂಡಿದ್ದ ಎಂ.ಟಿ.ಬಿ. ನಾಗರಾಜ್ ಮತ್ತು ಆರ್. ಶಂಕರ್ ಅಷ್ಟರಲ್ಲಿ ಅದೇ ಪರಿಷತ್ತಿನ ಸದಸ್ಯರಾಗಿ ಸಚಿವ ಸಂಪುಟ ಸೇರಿಯಾಗಿತ್ತು. ಒಂದೇ ಸದನದಲ್ಲಿದ್ದವರಿಗೆ ಎರಡು ಬಗೆಯ ಫಲ ಏಕೆ ದೊರೆಯಿತು ಎಂಬುದನ್ನು ತಿಳಿಯಬೇಕಾದರೆ ಈ ಪ್ರಕರಣವನ್ನು ಮೊದಲಿನಿಂದ ನೋಡಬೇಕು.

ಮೈಸೂರು ಜಿಲ್ಲೆಯ ಕೃಷ್ಣರಾಜನಗರದಿಂದ 1978ರಲ್ಲಿ ವಿಧಾನಸಭೆ ಪ್ರವೇಶಿಸಿದ ವಿಶ್ವನಾಥ್, ದಶಕಗಳ ಕಾಲ ಕಾಂಗ್ರೆಸ್ಸಿನಲ್ಲಿದ್ದವರು. ಎಸ್.ಎಂ. ಕೃಷ್ಣ ಅವರ ಸಂಪುಟದಲ್ಲಿ ಶಿಕ್ಷಣ ಸಚಿವರಾಗಿದ್ದರು. 2009ರಲ್ಲಿ ಮೈಸೂರಿನಿಂದ ಲೋಕಸಭೆಗೆ ಆಯ್ಕೆಯಾಗಿ, 2014ರಲ್ಲಿ ಸೋತರು. 2017ರಲ್ಲಿ ಜೆಡಿಎಸ್ ಸೇರಿ, ಮರುವರ್ಷ ಹುಣಸೂರಿನಲ್ಲಿ ಕಾಂಗ್ರೆಸ್ಸಿನ ಎಚ್.ಪಿ. ಮಂಜುನಾಥ್ ಅವರನ್ನು ಸೋಲಿಸಿದರು, ಆ ಪಕ್ಷದ ರಾಜ್ಯಾಧ್ಯಕ್ಷರೂ ಆದರು. ಒಂದು ವರ್ಷ ತುಂಬುವ ಮೊದಲೇ ಆ ಸ್ಥಾನವನ್ನು ತೊರೆದರು.

2019ರ ಜುಲೈ ತಿಂಗಳಲ್ಲಿ ಕಾಂಗ್ರೆಸ್ ಮತ್ತು ಜೆಡಿಎಸ್‌ನ ಶಾಸಕರು ಸಾಲಾಗಿ ರಾಜೀನಾಮೆ ಸಲ್ಲಿಸಿ ಮುಂಬೈ ಸೇರಿದಾಗ ವಿಶ್ವನಾಥ್ ಅವರೂ ಆ ಗುಂಪಿನಲ್ಲಿದ್ದರು. ಜುಲೈ 23ರಂದು 99–105 ಮತಗಳ ಅಂತರದಲ್ಲಿ ಕುಮಾರಸ್ವಾಮಿ ಸರ್ಕಾರ ಬಿತ್ತು. ಅದಾದ ಐದು ದಿನಗಳೊಳಗೆ ಸ್ಪೀಕರ್ ಕೆ.ಆರ್. ರಮೇಶ್ ಕುಮಾರ್ ಎರಡು ಕಂತುಗಳಲ್ಲಿ ಒಟ್ಟು 17 ಮಂದಿಯನ್ನು ಅನರ್ಹಗೊಳಿಸಿ, ವಿಧಾನಸಭೆಯ ಅವಧಿ ಮುಗಿಯುವ ತನಕ ಅವರು ಚುನಾವಣೆಗೆ ನಿಲ್ಲುವಂತಿಲ್ಲ ಎಂದೂ ಆದೇಶಿಸಿದರು.

ರಾಜೀನಾಮೆ ಕೊಟ್ಟವರನ್ನು ಅನರ್ಹಗೊಳಿಸಬಹುದೇ ಎಂಬುದು ಆಗ ಎದ್ದ ಮುಖ್ಯ ಪ್ರಶ್ನೆ. ಅದೇ ವರ್ಷ ನವೆಂಬರ್ 13ರಂದು ನ್ಯಾಯಮೂರ್ತಿ ಎನ್.ವಿ. ರಮಣ ನೇತೃತ್ವದ ಸುಪ್ರೀಂ ಕೋರ್ಟ್ ಪೀಠ ಕೊಟ್ಟ ತೀರ್ಪು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ರಾಜೀನಾಮೆ ಸ್ವಇಚ್ಛೆಯದೇ, ನೈಜವೇ ಎಂಬುದನ್ನಷ್ಟೇ ಸ್ಪೀಕರ್ ನೋಡಬೇಕು, ಅದರ ಹಿಂದಿನ ಉದ್ದೇಶವನ್ನು ಕೆದಕುವಂತಿಲ್ಲ. ಆದರೆ ರಾಜೀನಾಮೆ ಕೊಟ್ಟ ಮಾತ್ರಕ್ಕೆ ಅದಕ್ಕೂ ಮುಂಚೆ ನಡೆದ ಪಕ್ಷಾಂತರದ ದೋಷ ಅಳಿಸಿಹೋಗುವುದಿಲ್ಲ. ಹಾಗಾಗಿ ಅನರ್ಹತೆ ಉಳಿಯಿತು, ಚುನಾವಣೆಗೆ ನಿಲ್ಲಬಾರದೆಂಬ ನಿರ್ಬಂಧ ರದ್ದಾಯಿತು.

ಆದರೆ ಅನರ್ಹತೆಯ ಜೊತೆಗೆ ಇನ್ನೊಂದು ಕಟ್ಟುಪಾಡು ಅಂಟಿಕೊಂಡೇ ಬರುತ್ತದೆ. ಪಕ್ಷಾಂತರ ಮಾಡಿದವರಿಗೆ ಸಚಿವಗಿರಿಯ ಬಹುಮಾನ ಸಿಗಬಾರದೆಂದು 2003ರ 91ನೇ ತಿದ್ದುಪಡಿಯು ಸಂವಿಧಾನಕ್ಕೆ 164(1ಬಿ) ವಿಧಿಯನ್ನು ಸೇರಿಸಿತು. ಅದರ ಪ್ರಕಾರ ಅನರ್ಹಗೊಂಡ ಸದಸ್ಯರು ತಮ್ಮ ಅವಧಿ ಮುಗಿಯುವವರೆಗೆ, ಇಲ್ಲವೇ ಮತ್ತೆ ಚುನಾವಣೆಗೆ ನಿಂತು ಆಯ್ಕೆಯಾಗುವವರೆಗೆ ಸಚಿವರಾಗುವಂತಿಲ್ಲ.

2019ರ ಡಿಸೆಂಬರ್ 5ರ ಉಪಚುನಾವಣೆಯಲ್ಲಿ 15 ಕ್ಷೇತ್ರಗಳ ಪೈಕಿ 12 ಬಿಜೆಪಿ ಪಾಲಾದವು. ಹೀಗೆ ಗೆದ್ದು ಬಂದವರಲ್ಲಿ ಹತ್ತು ಮಂದಿ ಸಚಿವರಾದರು. ಆದರೆ ಬಿಜೆಪಿ ಅಭ್ಯರ್ಥಿಯಾಗಿದ್ದ ವಿಶ್ವನಾಥ್, ಒಂದೂವರೆ ವರ್ಷದ ಹಿಂದೆ ತಾವೇ ಸೋಲಿಸಿದ್ದ ಮಂಜುನಾಥ್ ಎದುರು ಸೋತರು. ಹೊಸಕೋಟೆಯಲ್ಲಿ ನಾಗರಾಜ್ ಸೋತರು. ಶಂಕರ್ ಸ್ಪರ್ಧಿಸಲೇ ಇಲ್ಲ. 2020ರ ಜೂನ್‌ನಲ್ಲಿ ಈ ಇಬ್ಬರು ವಿಧಾನಸಭೆಯ ಸದಸ್ಯರಿಂದ ಪರಿಷತ್ತಿಗೆ ಅವಿರೋಧವಾಗಿ ಆಯ್ಕೆಯಾದರು. ವಿಶ್ವನಾಥ್ ಅವರನ್ನು ಮಾತ್ರ ಮರುತಿಂಗಳು ರಾಜ್ಯಪಾಲರು ನಾಮಕರಣ ಮಾಡಿದರು.

ನ್ಯಾಯಾಲಯ ಹಿಡಿದದ್ದು ಇದೇ ವ್ಯತ್ಯಾಸವನ್ನು. ನಾಮಕರಣವನ್ನು ಆಯ್ಕೆ ಎನ್ನಲಾಗದು. ಆದ್ದರಿಂದ 164(1ಬಿ)ಯ ನಿರ್ಬಂಧ ವಿಶ್ವನಾಥ್ ಅವರಿಗೆ ಅನ್ವಯಿಸುತ್ತದೆ, ಉಳಿದಿಬ್ಬರಿಗೆ ಅನ್ವಯಿಸುವುದಿಲ್ಲ. ವಿಧಿಯ ಅಕ್ಷರಕ್ಕೆ ಈ ಓದು ನಿಷ್ಠವಾಗಿದೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಕಾಡುವುದು ಅದರ ಇನ್ನೊಂದು ಮಗ್ಗುಲು. ಪಕ್ಷ ಬಿಟ್ಟವರು ಮತ್ತೆ ಮತದಾರರ ಮುಂದೆ ಹೋಗಿ ಅವರ ಒಪ್ಪಿಗೆ ಪಡೆಯಬೇಕು ಎಂಬುದೇ ಈ ಕಟ್ಟುಪಾಡಿನ ಜೀವವಾಗಿದ್ದರೆ, ಆಡಳಿತ ಪಕ್ಷದ ಶಾಸಕರ ಸಂಖ್ಯಾಬಲದಿಂದ ಅವಿರೋಧವಾಗಿ ಸಿಗುವ ಪರಿಷತ್ ಸ್ಥಾನ ಆ ಒಪ್ಪಿಗೆಗೆ ಸಮನಾಗುವುದು ಹೇಗೆ? ಹೊಸಕೋಟೆಯ ಮತದಾರರು ಕೊಟ್ಟ ಉತ್ತರವೂ ಹುಣಸೂರಿನವರು ಕೊಟ್ಟ ಉತ್ತರವೂ ಒಂದೇ ಆಗಿತ್ತು. ‘ಎರಡೂ ಸದನಗಳಲ್ಲಿ ಯಾವುದಕ್ಕಾದರೂ’ ಆಯ್ಕೆಯಾದರೆ ಸಾಕು ಎನ್ನುವ ಈ ವಿಧಿ, ಪರಿಷತ್ತು ಇರುವ ರಾಜ್ಯಗಳಲ್ಲಿ ಪಕ್ಷಾಂತರಿಗಳಿಗೆ ಮತದಾರರನ್ನು ಎದುರಿಸದೆ ಸಂಪುಟ ಸೇರುವ ದಾರಿಯನ್ನು ಇಂದಿಗೂ ತೆರೆದೇ ಇಟ್ಟಿದೆ.